ಒದ್ದೆ ಕಪಾಟಿನ ರಕ್ತದ ಕಾರ್ಡ್: ಬೆಳಗಾವಿಯ ಒಂದು ಪ್ರಕರಣ

ವರದಿಯನ್ನು ನಂಬಿದರೆ ಆ ಮನುಷ್ಯ ಎರಡು-ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಂಡು ಬದುಕಬೇಕಿತ್ತು. ಆದರೆ ಆತ ಸೇನೆಯಲ್ಲಿ ಯೋಧ. ವಯಸ್ಸು ಮೂವತ್ತರ ಒಳಗೆ. ಆ ಹೊತ್ತಿಗೆ ಉತ್ತರದ ಗಡಿಯ ಎತ್ತರದ ಪೋಸ್ಟ್ ಒಂದರಲ್ಲಿ ಡ್ಯೂಟಿ ಮೇಲಿದ್ದ. ಜೀವಮಾನದಲ್ಲಿ ಒಂದು ಬಾಟಲಿ ರಕ್ತ ಹಾಕಿಸಿಕೊಂಡವನಲ್ಲ. ಹೊರಗಿನ ಲ್ಯಾಬ್ ಒಂದು ಕೊಟ್ಟ ಹಾಳೆಯಲ್ಲಿ ಅವನ ಹೆಸರಿನ ಮುಂದೆ ‘619 ಬೇಸ್ ಡಿಲೀಷನ್, ಹೋಮೋಜೈಗಸ್’ ಎಂದಿತ್ತು. ಅಂದರೆ ತಂದೆಯಿಂದ ಬಂದದ್ದು, ತಾಯಿಯಿಂದ ಬಂದದ್ದು ಎರಡೂ ಬೀಟಾ ಗ್ಲೋಬಿನ್ ಜೀನ್‌ನಲ್ಲಿ ಡಿಎನ್‌ಎಯ 619 ಅಕ್ಷರ ಇಲ್ಲ. ಅದು ಬೀಟಾ ಥಲಸ್ಸೀಮಿಯ ಮೇಜರ್, ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ತೀವ್ರ ಆನುವಂಶಿಕ ರೋಗ.

ಆ ಹಾಳೆ ಹಿಡಿದುಕೊಂಡು ಬೆಳಗಾವಿಯ ನಮ್ಮ ಲ್ಯಾಬಿಗೆ ಬಂದವಳು ಅವನ ಹೆಂಡತಿ. ಆಗ ಆಕೆಗೆ ಬಸಿರಿನ ಒಂಬತ್ತನೇ ವಾರ. ಬೈಲಹೊಂಗಲ ಕಡೆಯವರು. ಜೊತೆಗೆ ಅಣ್ಣ ಬಂದಿದ್ದ. ಆಕೆ ಕೇಳಿದ ಮೊದಲ ಪ್ರಶ್ನೆ: ‘ಇದು ನಮ್ಮ ಮನಿಯವರ್ದ ರಕ್ತ ಹೌದಿಲ್ರಿ ಸರ? ಯಾರ್ದರ ಅದಲಿ-ಬದಲಿ ಆಗಿರಬೇಕಲ್ರಿ?’ ಯಾರಿಗಾದರೂ ಮೊದಲು ಬರುವ ಅನುಮಾನ ಅದೇ. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಪರೀಕ್ಷೆಯ ವಿಷಯದಲ್ಲಿ ಏನೂ ಬದಲಿಸಿಲ್ಲ.)

ಹಳೇ ಕಾರ್ಡ್ ಯಾಕೆ ಬೇಕಾಯಿತು

ಆಕೆ ಬೀಟಾ ಥಲಸ್ಸೀಮಿಯದ ಕ್ಯಾರಿಯರ್ ಎಂದು ಬಸುರಿಯಾದ ಮೇಲೆ ಮಾಡಿದ ರಕ್ತ ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಕ್ಯಾರಿಯರ್ ಅಂದರೆ ರೋಗಿ ಅಲ್ಲ. ಎರಡು ಜೀನ್‌ಗಳಲ್ಲಿ ಒಂದು ಕೆಟ್ಟಿದೆ, ಇನ್ನೊಂದು ಕೆಲಸ ಮಾಡುತ್ತಿದೆ, ಅಷ್ಟೇ. ಸ್ವಲ್ಪ ರಕ್ತಹೀನತೆ ಇರಬಹುದು, ಹೆಚ್ಚಿನವರಿಗೆ ಅದೂ ಗೊತ್ತಾಗುವುದಿಲ್ಲ. ಗಂಡನೂ ಕ್ಯಾರಿಯರ್ ಆಗಿದ್ದರೆ ಮಾತ್ರ ತೊಂದರೆ. ಆಗ ಪ್ರತಿ ಬಸಿರಿನಲ್ಲೂ ಮಗುವಿಗೆ ಮೇಜರ್ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು.

ಗಂಡ ಕ್ಯಾರಿಯರ್ ಅನ್ನುವುದು ಅವನಿಗೆ ಮೊದಲೇ ಗೊತ್ತಿತ್ತು. ಡಿಗ್ರಿ ಓದುವಾಗ ಕಾಲೇಜಿನಲ್ಲಿ ಒಂದು ತಪಾಸಣಾ ಶಿಬಿರ ನಡೆದಿತ್ತು. ಅಲ್ಲಿ ಕೊಟ್ಟ ಚೀಟಿಯನ್ನು ಅವನ ತಾಯಿ ರೇಷನ್ ಕಾರ್ಡಿನ ಜೊತೆ ಜೋಪಾನವಾಗಿ ಇಟ್ಟಿದ್ದರು. ಮದುವೆ ಹೊತ್ತಿನಲ್ಲಿ ಮಾತ್ರ ಯಾರಿಗೂ ಅದು ನೆನಪಾಗಲಿಲ್ಲ. ಜಾತಕ ಕೂಡಿಸುವ ಗಡಿಬಿಡಿಯಲ್ಲಿ ಇಂಥ ಚೀಟಿ ಯಾರು ನೋಡುತ್ತಾರೆ?

ಹೊಟ್ಟೆಯಲ್ಲಿರುವ ಮಗುವನ್ನು ಪರೀಕ್ಷಿಸಲು 11ರಿಂದ 13ನೇ ವಾರದ ನಡುವೆ ಗರ್ಭಚೀಲದ ಹೊರಪದರದಿಂದ ಚೂರು ತೆಗೆಯುತ್ತಾರೆ. ಆದರೆ ಅದರಲ್ಲಿ ಏನನ್ನು ಹುಡುಕಬೇಕು ಎಂದು ಮೊದಲೇ ಗೊತ್ತಿರಬೇಕು. ಬೀಟಾ ಗ್ಲೋಬಿನ್ ಜೀನ್ ಕೆಡುವ ದಾರಿ ನೂರಾರಿವೆ. ಭಾರತದಲ್ಲಿ ಐದಾರು ತಪ್ಪುಗಳೇ ಬಹುಪಾಲು. ಅದರಲ್ಲೂ ಐವಿಎಸ್ 1-5 ಅನ್ನುವುದು ಎಲ್ಲಕ್ಕಿಂತ ಜಾಸ್ತಿ. ಹೆಂಡತಿಯದು ಅದೇ ಇತ್ತು. ಗಂಡನದು ಯಾವುದು? ಅವನಿಗೆ ರಜೆ ಸಿಗುವ ಹೊತ್ತಿಗೆ ಸಮಯ ಮೀರುತ್ತಿತ್ತು. ಆಗ ಆಕೆಯ ಡಾಕ್ಟರಿಗೆ ಹೊಳೆದದ್ದು ಶಿಬಿರದ ಕಾರ್ಡ್. ಆ ಶಿಬಿರದಲ್ಲಿ ಕ್ಯಾರಿಯರ್ ಎಂದು ಕಂಡವರ ರಕ್ತವನ್ನು ಫಿಲ್ಟರ್ ಪೇಪರ್ ಮೇಲೆ ಬೊಟ್ಟು ಬೊಟ್ಟಾಗಿ ಹಾಕಿ, ಒಣಗಿಸಿ, ಮುಂದೆ ಬೇಕಾದೀತು ಎಂದು ಎತ್ತಿಟ್ಟಿದ್ದರು. ಗಂಡ ಫೋನಿನಲ್ಲಿ ಒಪ್ಪಿಗೆ ಕೊಟ್ಟ, ಸಹಿ ಮಾಡಿದ ಹಾಳೆಯ ಫೋಟೋ ವಾಟ್ಸಾಪ್ ಮಾಡಿದ. ಕಾರ್ಡ್ ಹೊರಗಿನ ಲ್ಯಾಬಿಗೆ ಹೋಯಿತು. ಬಂದ ಉತ್ತರ ಮೇಲೆ ಹೇಳಿದ್ದು.

ಅದಲಿ-ಬದಲಿ ಅಲ್ಲ

ಕಾರ್ಡ್ ಬೇರೆ ಯಾರದ್ದೋ ಆಗಿರಬಹುದು ಅನ್ನುವ ಮಾತನ್ನು ಮೊದಲು ಬಗೆಹರಿಸಬೇಕಿತ್ತು. ಶಿಬಿರದ ರಿಜಿಸ್ಟರ್ ತರಿಸಿದೆವು. ಅವನ ಸಾಲಿನಲ್ಲಿ ನೆಸ್ಟ್ರಾಫ್ಟ್ ಪಾಸಿಟಿವ್ ಎಂದಿತ್ತು. ಇದು ತುಂಬಾ ಸರಳ ಪರೀಕ್ಷೆ. 0.36 ಶೇಕಡ ಉಪ್ಪುನೀರಿನ ಟ್ಯೂಬಿಗೆ ಒಂದು ಹನಿ ರಕ್ತ ಹಾಕಿ, ಟ್ಯೂಬಿನ ಹಿಂದೆ ಗೆರೆ ಎಳೆದ ಬಿಳಿ ಹಾಳೆ ಹಿಡಿಯುವುದು. ಸಾಮಾನ್ಯರ ರಕ್ತಕಣ ಒಡೆದು ನೀರು ತಿಳಿಯಾಗುತ್ತದೆ, ಗೆರೆ ಕಾಣುತ್ತದೆ. ಕ್ಯಾರಿಯರ್ ಆದವರ ಕಣ ಅಷ್ಟು ಬೇಗ ಒಡೆಯುವುದಿಲ್ಲ. ನೀರು ಮಬ್ಬಾಗಿಯೇ ಇರುತ್ತದೆ, ಗೆರೆ ಕಾಣುವುದಿಲ್ಲ. ಅದರ ಮುಂದೆ ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್‌ನ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಫಲಿತಾಂಶ: ಎ2 ಹಿಮೋಗ್ಲೋಬಿನ್ ಶೇಕಡ 5ಕ್ಕಿಂತ ಮೇಲೆ. 3.5 ದಾಟಿದರೆ ಸಾಮಾನ್ಯವಾಗಿ ಕ್ಯಾರಿಯರ್ ಎನ್ನುತ್ತೇವೆ. ಉಳಿದದ್ದು ಬಹುತೇಕ ಎಲ್ಲ ದೊಡ್ಡವರ ಮಾಮೂಲಿ ಹಿಮೋಗ್ಲೋಬಿನ್ ಎ.

ಇಲ್ಲೇ ವರದಿ ಬಿದ್ದುಹೋಯಿತು. 619 ಡಿಲೀಷನ್ ಎರಡೂ ಜೀನ್‌ನಲ್ಲಿದ್ದರೆ ಹಿಮೋಗ್ಲೋಬಿನ್ ಎ ಕಟ್ಟಲು ಬೇಕಾದ ಬೀಟಾ ಸರಪಳಿ ತಯಾರಾಗುವುದೇ ಇಲ್ಲ. ಆಗ ಹಿಮೋಗ್ಲೋಬಿನ್ ಎ ಎಲ್ಲಿಂದ ಬರಬೇಕು?

ಇನ್ನು ಕಾರ್ಡ್ ಬೇರೆಯವರದು ಎಂದುಕೊಳ್ಳೋಣ. ಆ ಬೇರೆಯವರು ಯಾರು? ಶಿಬಿರಕ್ಕೆ ಬಂದವರೆಲ್ಲ ಕಾಲೇಜು ಹುಡುಗ-ಹುಡುಗಿಯರು, ಸಾಲಿನಲ್ಲಿ ನಿಂತು ತಮಾಷೆ ಮಾಡಿಕೊಂಡು ಬೆರಳು ಚುಚ್ಚಿಸಿಕೊಂಡವರು. ರಕ್ತ ಹಾಕಿಸಿಕೊಂಡು ಬದುಕುತ್ತಿದ್ದವರು ಆ ಪಟ್ಟಿಯಲ್ಲಿ ಒಬ್ಬರೂ ಇಲ್ಲ. ಅಂದರೆ ಆ ಶಿಬಿರದಲ್ಲಿ ಕಾರ್ಡ್ ಕೊಟ್ಟ ಯಾರಿಗೂ ಈ ವರದಿ ಹೊಂದುವುದಿಲ್ಲ. ತಪ್ಪು ಹೆಸರಿನಲ್ಲಿ ಇರಲಿಲ್ಲ, ರಕ್ತದ ಬೊಟ್ಟಿನಲ್ಲಿತ್ತು.

ಕಾರ್ಡ್ ಮತ್ತು ಕಪಾಟು

ಉಳಿದ ಕಾರ್ಡನ್ನು ಟೇಬಲ್ ಲ್ಯಾಂಪಿನ ಕೆಳಗೆ ಇಟ್ಟು ನೋಡಿದೆ. ಚೆನ್ನಾಗಿ ಒಣಗಿಸಿ ಇಟ್ಟ ಬೊಟ್ಟು ವರ್ಷ ಕಳೆದಂತೆ ಕೆಂಪು ಹೋಗಿ ಕಂದು ಆಗುತ್ತದೆ. ಅದು ಸಹಜ. ಆದರೆ ಅಂಚು ಕತ್ತರಿಸಿದ ಹಾಗೆ ಚೊಕ್ಕ ಇರುತ್ತದೆ. ಇದರಲ್ಲಿ ಅಂಚು ಹಬ್ಬಿತ್ತು. ಬೊಟ್ಟಿನ ಸುತ್ತ ನಸು ಹಳದಿ ಉಂಗುರ. ಒಣಗಿದ ಮೇಲೆ ಮತ್ತೆ ತೇವ ಕುಡಿದ ಗುರುತು ಅದು. ಕಾರ್ಡಿನ ಒಂದು ಮೂಲೆಯಲ್ಲಿ ಬೂದು ಬಣ್ಣದ ಸಣ್ಣ ಚುಕ್ಕೆಗಳು, ಬೂಷ್ಟು. ಬೊಟ್ಟಿನಿಂದ ಸಣ್ಣ ಬಿಲ್ಲೆ ಕತ್ತರಿಸಲು ಪಂಚ್ ಒತ್ತಿದರೆ ಒಣ ಪೇಪರಿಗೆ ಬರುವ ‘ಟಕ್’ ಸದ್ದು ಬರಲಿಲ್ಲ. ಪೇಪರ್ ಮೆತ್ತಗೆ ಹರಿದುಕೊಂಡು ಬಂತು.

ಕಪಾಟು ನೋಡಿದ ಮೇಲೆ ಆಶ್ಚರ್ಯ ಉಳಿಯಲಿಲ್ಲ. ನೆಲಮಹಡಿಯ ಕೋಣೆ. ಪಶ್ಚಿಮದ ಗೋಡೆಗೆ ಒತ್ತಿ ನಿಂತ ಸ್ಟೀಲ್ ಕಪಾಟು. ಬೆಳಗಾವಿಯ ಮಳೆ ಗೊತ್ತಿದ್ದವರಿಗೆ ಪಶ್ಚಿಮದ ಗೋಡೆ ಅಂದರೆ ಏನೆಂದು ಹೇಳಬೇಕಿಲ್ಲ. ಜೂನ್ ಕೊನೆಗೆ ಹಿಡಿದ ಜಿಟಿಜಿಟಿ ಆಗಸ್ಟ್ ದಾಟಿದರೂ ಬಿಡುವುದಿಲ್ಲ. ಹಾಕಿದ ಬಟ್ಟೆ ಎರಡು ದಿನ ಆದರೂ ಒಣಗುವುದಿಲ್ಲ, ಚಪ್ಪಲಿಗೂ ಬೂಷ್ಟು ಬರುತ್ತದೆ. ಕೆಳಗಿನ ಅರೆಯಲ್ಲಿ ಕಾರ್ಡ್‌ಗಳನ್ನು ಒಂದರ ಮೇಲೊಂದು ಪೇರಿಸಿ, ರಬ್ಬರ್ ಬ್ಯಾಂಡ್ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದರು. ನಡುವೆ ಹಾಳೆ ಇಲ್ಲ. ಚೀಲದಲ್ಲಿ ಸಿಲಿಕಾ ಜೆಲ್ ಪುಡಿಕೆ ಇತ್ತು. ನೀಲಿ ಇರಬೇಕಾದ ಕಾಳು ಪೂರ್ತಿ ಗುಲಾಬಿ ಆಗಿತ್ತು. ನೀರು ಕುಡಿದು ಹೊಟ್ಟೆ ತುಂಬಿದ ಸಿಲಿಕಾ ಅದು. ಚೀಲದ ಒಳಗಿನ ತೇವ ಹೊರಗೆ ಹೋಗಲೂ ದಾರಿ ಇರಲಿಲ್ಲ. ಸುಮ್ನೆ ಕಾಗದದ ಲಕೋಟೆಯಲ್ಲಿ ಇಟ್ಟಿದ್ದರೂ ಬೇಸಿಗೆಯಲ್ಲಿ ಒಂದಿಷ್ಟು ಒಣಗುತ್ತಿತ್ತೇನೋ.

ಅರ್ಧ ಕಾಣುವ ಜೆಲ್

ಈಗ ಪರೀಕ್ಷೆಯ ಒಳಗೆ ಹೋಗೋಣ. ಪ್ರಕರಣದ ಗಂಟು ಇರುವುದು ಇಲ್ಲೇ.

619 ಡಿಲೀಷನ್ ಎಂದರೆ ಬೀಟಾ ಗ್ಲೋಬಿನ್ ಜೀನ್‌ನ ಬಾಲದ ಕಡೆ 619 ಅಕ್ಷರ ಕಿತ್ತುಹೋಗಿರುವುದು. ಮೂರನೇ ಎಕ್ಸಾನ್ (ಸರಪಳಿ ಕಟ್ಟುವ ಸೂಚನೆ ಇರುವ ಒಂದು ಭಾಗ) ಪೂರ್ತಿ ಅದರಲ್ಲೇ ಹೋಗುತ್ತದೆ. ಇದನ್ನು ಹಿಡಿಯಲು ಆ ಜಾಗದ ಎರಡೂ ಬದಿಗೆ ಪ್ರೈಮರ್ (ಎಲ್ಲಿಂದ ಎಲ್ಲಿವರೆಗೆ ಎಂದು ಗುರುತಿಸುವ ಡಿಎನ್‌ಎ ಚೂರು) ಕೂರಿಸಿ ಪಿಸಿಆರ್ ಮಾಡುತ್ತೇವೆ, ಅಂದರೆ ನಡುವಿನ ತುಂಡನ್ನು ಲಕ್ಷಗಟ್ಟಲೆ ಕಾಪಿ ಮಾಡುತ್ತೇವೆ. ಸರಿಯಿರುವ ಜೀನ್‌ನಿಂದ 861 ಅಕ್ಷರ ಉದ್ದದ ತುಂಡು ಬರುತ್ತದೆ. ಕಿತ್ತುಹೋದ ಜೀನ್‌ನಿಂದ 242 ಅಕ್ಷರದ್ದು. ಜೆಲ್‌ನಲ್ಲಿ ತುಂಡುಗಳು ಉದ್ದದ ಪ್ರಕಾರ ಬೇರೆ ಬೇರೆ ಕಡೆ ಗೆರೆಯಾಗಿ ನಿಲ್ಲುತ್ತವೆ, ಅದೇ ಬ್ಯಾಂಡ್. ಮೇಲೊಂದು, ಕೆಳಗೊಂದು ಬ್ಯಾಂಡ್ ಕಂಡರೆ ಕ್ಯಾರಿಯರ್. ಬರೀ ಮೇಲಿನದು ಕಂಡರೆ ಆ ಡಿಲೀಷನ್ ಇಲ್ಲ. ಬರೀ ಕೆಳಗಿನದು ಕಂಡರೆ ಹೋಮೋಜೈಗಸ್. ಪಾಠದಲ್ಲಿ ಹೇಳುವುದು ಇಷ್ಟೇ. ಒಳ್ಳೆ ಡಿಎನ್‌ಎ ಇದ್ದಾಗ ಇಷ್ಟೇ ಸಾಕು ಕೂಡ.

ಹೊರಗಿನ ಲ್ಯಾಬಿಗೆ ಕಂಡದ್ದು ಬರೀ ಕೆಳಗಿನ ಬ್ಯಾಂಡ್. ನಾವು ಅದೇ ಕಾರ್ಡಿನಿಂದ ಮತ್ತೆ ಮಾಡಿದಾಗಲೂ ಬರೀ 242. ಅವರ ಕೈಕೆಲಸದಲ್ಲಿ ದೋಷ ಇರಲಿಲ್ಲ.

ತೇವ ಡಿಎನ್‌ಎಗೆ ಏನು ಮಾಡುತ್ತದೆ? ನೀರು ಸಿಕ್ಕರೆ ಡಿಎನ್‌ಎಯ ಎಳೆಯಿಂದ ಎ ಮತ್ತು ಜಿ ಅಕ್ಷರಗಳು ಒಂದೊಂದಾಗಿ ಕಳಚುತ್ತವೆ. ಕಳಚಿದ ಜಾಗದಲ್ಲಿ ಎಳೆ ತುಂಡಾಗುತ್ತದೆ. ಬೂಷ್ಟು, ಬ್ಯಾಕ್ಟೀರಿಯಾ ಬಂದರೆ ಅವುಗಳ ಕಿಣ್ವಗಳು ಸೇರಿ ಇನ್ನಷ್ಟು ಚೂರು ಮಾಡುತ್ತವೆ. ಪಿಸಿಆರ್‌ಗೆ ಒಂದು ಪ್ರೈಮರ್‌ನಿಂದ ಇನ್ನೊಂದು ಪ್ರೈಮರ್‌ವರೆಗೆ ಎಳೆ ಅಖಂಡ ಇರಬೇಕು. ಇಲಿ ಕಡಿದ ಇಳಕಲ್ ಸೀರೆಯಲ್ಲಿ ಒಂದು ಕರ್ಚೀಫಿಗೆ ಆಗುವಷ್ಟು ಬಟ್ಟೆ ಸಿಕ್ಕೀತು, ಒಂಬತ್ತು ಗಜ ಒಟ್ಟಿಗೆ ಸಿಗುವುದಿಲ್ಲ.

ಲೆಕ್ಕ ಹಾಕಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. 3.2 ಮಿಲಿಮೀಟರ್ ಅಗಲದ ಒಂದು ಪಂಚ್‌ನಲ್ಲಿ ಸುಮಾರು 3 ಮೈಕ್ರೋಲೀಟರ್ ರಕ್ತ ಇರುತ್ತದೆ. ದೊಡ್ಡವರ ರಕ್ತವಾದರೆ ಹತ್ತಿರ ಹತ್ತಿರ 20,000 ಬಿಳಿ ರಕ್ತಕಣ. ಡಿಎನ್‌ಎ ಇರುವುದು ಅವುಗಳಲ್ಲೇ. ಕ್ಯಾರಿಯರ್ ಆದವನಲ್ಲಿ ಪ್ರತಿ ಕಣಕ್ಕೆ ಒಂದು ಒಳ್ಳೆ ಜೀನ್, ಒಂದು ಕೆಟ್ಟ ಜೀನ್. ತಲಾ 20,000. ಈಗ ಎಳೆ ಸರಾಸರಿ 100 ಅಕ್ಷರಕ್ಕೊಮ್ಮೆ, ಎಲ್ಲೆಂದರಲ್ಲಿ ತುಂಡಾಗಿದೆ ಎಂದು ಇಟ್ಟುಕೊಳ್ಳಿ. 242 ಅಕ್ಷರದ ತುಂಡು ಪೂರ್ತಿ ಉಳಿಯುವ ಸಾಧ್ಯತೆ ಶೇಕಡ 9ರಷ್ಟು. ಅಂದರೆ 1,800ರಷ್ಟು ಕಾಪಿ. 861ರದ್ದು? ಹತ್ತು ಸಾವಿರಕ್ಕೆ ಎರಡಕ್ಕೂ ಕಡಿಮೆ. ಇಡೀ ಪಂಚ್‌ನಲ್ಲಿ ಮೂರೋ ನಾಲ್ಕೋ ಕಾಪಿ. ತೆಗೆದ ಡಿಎನ್‌ಎಯಲ್ಲಿ ಒಂದು ಪಾಲು ಮಾತ್ರ ಟ್ಯೂಬಿಗೆ ಹೋಗುವುದರಿಂದ ಅಲ್ಲಿ ಒಂದೂ ಇಲ್ಲದಿರಬಹುದು. ಇದ್ದರೂ, ಗಿಡ್ಡ ತುಂಡು ಪಿಸಿಆರ್‌ನಲ್ಲಿ ಮೊದಲೇ ಮುಂದೆ ಓಡುತ್ತದೆ. ಉದ್ದದ್ದು ತಲೆ ಎತ್ತುವುದಿಲ್ಲ.

ಇನ್ನೊಂದು ಕುತ್ತು ಇದೆ, ಇದು ಸ್ವಲ್ಪ ಸೂಕ್ಷ್ಮ. ಥಲಸ್ಸೀಮಿಯದ ಬೇರೆ ತಪ್ಪುಗಳನ್ನು ಹುಡುಕುವ ಹಳೇ ಪದ್ಧತಿಯಲ್ಲಿ ಇದೇ 861 ಬ್ಯಾಂಡನ್ನು ಕಂಟ್ರೋಲ್ ಆಗಿ ಬಳಸುತ್ತಾರೆ. ಅದು ಬರದಿದ್ದರೆ ಪಿಸಿಆರ್ ನಡೆದಿಲ್ಲ, ಮತ್ತೆ ಮಾಡಿ ಎಂದು ಅರ್ಥ. ಬೇರೆ ತಪ್ಪು ಇರುವವರ ಕಾರ್ಡ್ ಕೆಟ್ಟಿದ್ದರೆ ಈ ಎಚ್ಚರಿಕೆ ಸರಿಯಾಗಿಯೇ ಕೆಲಸ ಮಾಡುತ್ತದೆ. ಆದರೆ 619 ಇರುವವರಲ್ಲಿ 861 ಹೋದರೂ 242 ಥಳಥಳ ಹೊಳೆಯುತ್ತಾ ನಿಂತಿರುತ್ತದೆ. ನೋಡಿದವರಿಗೆ ಪಿಸಿಆರ್ ಚೆನ್ನಾಗಿ ನಡೆದಿದೆ ಎಂದೇ ಅನಿಸುತ್ತದೆ. ಕೆಟ್ಟ ಕಾರ್ಡ್ ಸುಮ್ಮನಿದ್ದರೆ ಯಾರಿಗೂ ಮೋಸ ಆಗುವುದಿಲ್ಲ. ಇದು ಸುಮ್ಮನಿರಲಿಲ್ಲ, ಅರ್ಧ ಮಾತ್ರ ಹೇಳಿತು.

ನಾವು ಮಾಡಿದ್ದು

ಮೊದಲು ಡಿಎನ್‌ಎ ದ್ರಾವಣವನ್ನು ಹತ್ತು ಪಾಲು ತೆಳು ಮಾಡಿ ನೋಡಿದೆವು. ಹಳೇ ರಕ್ತದ ಹೀಮ್ (ಹಿಮೋಗ್ಲೋಬಿನ್‌ನ ಬಣ್ಣದ ಅಂಶ) ಪಿಸಿಆರ್‌ನ ಕಿಣ್ವವನ್ನು ಕಟ್ಟಿಹಾಕುತ್ತದೆ. ತೊಂದರೆ ಅದಾಗಿದ್ದರೆ ತೆಳು ಮಾಡಿದಾಗ ಬ್ಯಾಂಡ್ ಸುಧಾರಿಸಬೇಕು. ಸುಧಾರಿಸಲಿಲ್ಲ. 861 ಬರಲೇ ಇಲ್ಲ, 242 ಕೂಡ ಮಂದವಾಯಿತು. ಅಂದರೆ ಅಡ್ಡಗಾಲು ಹಾಕುತ್ತಿದ್ದದ್ದು ಹೀಮ್ ಅಲ್ಲ, ಎಳೆಯೇ ತುಂಡಾಗಿತ್ತು.

ಆಮೇಲೆ ಮೂರನೇ ಎಕ್ಸಾನ್‌ನ ಒಳಗೆ 120 ಅಕ್ಷರದಷ್ಟು ಗಿಡ್ಡ ತುಂಡಿಗೆ ಪಿಸಿಆರ್ ಮಾಡಿದೆವು. ಎರಡೂ ಜೀನ್‌ನಲ್ಲಿ ಡಿಲೀಷನ್ ಇದ್ದರೆ ಮೂರನೇ ಎಕ್ಸಾನ್ ಎಲ್ಲೂ ಇರಬಾರದು. ಬ್ಯಾಂಡ್ ಬಂತು. ಒಳ್ಳೆ ಜೀನ್ ಇದೆ ಅನ್ನುವುದಕ್ಕೆ ಇದೇ ಸಾಕ್ಷಿ ಎಂದು ಅಲ್ಲಿಗೇ ಮುಗಿಸಬಹುದಿತ್ತು. ಆದರೆ ಆ ಕಾರ್ಡ್‌ಗಳು ಒಂದಕ್ಕೊಂದು ಅಂಟಿಕೊಂಡು ವರ್ಷಗಟ್ಟಲೆ ಒದ್ದೆಯಲ್ಲಿ ಬಿದ್ದಿದ್ದವು. ಪಕ್ಕದ ಕಾರ್ಡಿನ ರಕ್ತ ಇದಕ್ಕೆ ತಗುಲಿದ್ದರೂ ಈ ಬ್ಯಾಂಡ್ ಬರುತ್ತದೆ. ಹುಟ್ಟಲಿರುವ ಮಗುವಿನ ವಿಷಯದಲ್ಲಿ ಇಷ್ಟರ ಮೇಲೆ ನಿಲ್ಲಲು ನನಗೆ ಧೈರ್ಯ ಇರಲಿಲ್ಲ.

ಬಗೆಹರಿದದ್ದು ತೀರಾ ಸಾದಾ ದಾರಿಯಲ್ಲಿ. ಗಂಡ ಸಿಗದಿದ್ದರೆ ಏನಾಯಿತು, ಅವನ ತಂದೆ-ತಾಯಿ ಊರಲ್ಲೇ ಇದ್ದಾರಲ್ಲ! ಮರುದಿನ ಬೆಳಗಿನ ಬಸ್ಸಿಗೆ ಇಬ್ಬರೂ ಬಂದರು. ರಕ್ತ ತೆಗೆಯುವಾಗ ಆ ಹಿರಿಯರು ನರ್ಸಮ್ಮನಿಗೆ ಹೇಳುತ್ತಿದ್ದರು: ‘ನಮ್ಮ ಹುಡುಗ ಗಟ್ಟಿ ಅದಾನ್ರೀ ಅಕ್ಕಾರ. ಮಿಲಿಟ್ರಿಯವ್ರು ನೋಡ್ದ-ಕೇಳ್ದ ತಗೊಂಡಾರೇನ್ರಿ?’ ಇಡೀ ಪ್ರಕರಣದಲ್ಲಿ ಅದಕ್ಕಿಂತ ಸರಿಯಾದ ಕ್ಲಿನಿಕಲ್ ಮಾತನ್ನು ಯಾರೂ ಹೇಳಲಿಲ್ಲ.

ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಟ್ಯೂಬಿನ ತಾಜಾ ರಕ್ತ. ಸಂಜೆಗೆ ಜೆಲ್ ತಯಾರು. ತಂದೆಯದು ಎರಡು ಬ್ಯಾಂಡ್, 861 ಮತ್ತು 242. ತಾಯಿಯದು ಬರೀ 861, ಎಚ್‌ಪಿಎಲ್‌ಸಿ ಕೂಡ ಸಹಜ. ತಂದೆಯಿಂದ 619 ಬಂದಿದೆ, ತಾಯಿಯಿಂದ ಒಳ್ಳೆ ಜೀನ್ ಬಂದಿದೆ. ಮಗ ಕ್ಯಾರಿಯರ್. ಇದಕ್ಕೆ ಬೇಕಾದದ್ದು ಎರಡು ಟ್ಯೂಬ್ ರಕ್ತ ಮತ್ತು ಬಸ್ ಚಾರ್ಜು.

ಹಾಗಿದ್ದೂ ಗಂಡನ ಸ್ವಂತ ಮಾದರಿ ಒಂದಿರಲಿ ಎಂದು ಹೊಸ ಕಾರ್ಡನ್ನೇ ಅವನಿಗೆ ಪೋಸ್ಟ್ ಮಾಡಿದೆವು. ಅಷ್ಟು ದೂರದಿಂದ ರಕ್ತದ ಟ್ಯೂಬನ್ನು ತಣ್ಣಗೆ ತರಿಸುವುದು ಆಗದ ಮಾತು. ಒಣ ಕಾರ್ಡ್ ಆದರೆ ಲಕೋಟೆಯಲ್ಲಿ ಬರುತ್ತದೆ. ಅಲ್ಲಿನ ನರ್ಸಿಂಗ್ ಸಹಾಯಕನಿಗೆ ಫೋನಿನಲ್ಲಿ ಹೇಳಿದ್ದು ಇಷ್ಟು: ಬೊಟ್ಟು ಹಾಕಿದ ಮೇಲೆ ಕಾರ್ಡನ್ನು ಮಲಗಿಸಿ, ಬಿಸಿಲು ತಾಗದಂತೆ, ಹೀಟರ್ ಹತ್ತಿರ ಇಡದೆ, ಕನಿಷ್ಠ ನಾಲ್ಕು ತಾಸು ಒಣಗಿಸಿ. ಪೂರ್ತಿ ಒಣಗಿದ ಮೇಲಷ್ಟೇ ಜಿಪ್ ಚೀಲಕ್ಕೆ ಹಾಕಿ, ಜೊತೆಗೆ ನಾವು ಕಳಿಸಿದ ಸಿಲಿಕಾ ಪುಡಿಕೆ ಇಡಿ. ಕಾರ್ಡ್ ಬಂದಾಗ ಸಿಲಿಕಾ ಇನ್ನೂ ನೀಲಿ ಇತ್ತು. ಅದೇ ಪ್ರೈಮರ್, ಅದೇ ಯಂತ್ರ. ಎರಡೂ ಬ್ಯಾಂಡ್ ಬಂದವು. ಹಾಗಾಗಿ ಇದನ್ನು ಕಾರ್ಡ್ ಪದ್ಧತಿಯ ದೋಷ ಅನ್ನಲು ಬರುವುದಿಲ್ಲ, ಕಾರ್ಡ್ ಇಟ್ಟ ರೀತಿಯ ದೋಷ.

ಹನ್ನೆರಡನೇ ವಾರದಲ್ಲಿ ಆಕೆಯ ಪರೀಕ್ಷೆ ಆಯಿತು. ತಾಯಿಯ ರಕ್ತ ಬೆರೆತಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಬಂದ ಉತ್ತರ: ಮಗುವಿಗೆ ತಾಯಿಯ ಐವಿಎಸ್ 1-5 ಬಂದಿದೆ, ತಂದೆಯ 619 ಬಂದಿಲ್ಲ. ಕ್ಯಾರಿಯರ್, ಅಷ್ಟೇ.

ಗಂಡ ಹೋಮೋಜೈಗಸ್ ಎಂದು ನಂಬಿದ್ದರೆ? ಆಗ ಅವನಿಂದ ಪ್ರತಿ ಮಗುವಿಗೂ ಕೆಟ್ಟ ಜೀನ್ ಹೋಗಲೇಬೇಕು. ನಾಲ್ಕರಲ್ಲಿ ಒಂದು ಇದ್ದದ್ದು ಎರಡರಲ್ಲಿ ಒಂದು ಆಗುತ್ತಿತ್ತು. ಮಗುವಿನ ಪರೀಕ್ಷೆ ಕೊನೆಗೆ ನಿಜ ಹೇಳುತ್ತಿತ್ತು ನಿಜ. ಆದರೆ ಅಷ್ಟು ದೊಡ್ಡ ಅಂಕಿ ಕೇಳಿ ಪರೀಕ್ಷೆಯೇ ಬೇಡ, ಬಸಿರೇ ಬೇಡ ಎಂದು ತೀರ್ಮಾನ ಮಾಡುವ ಮನೆಗಳಿವೆ.

ವಿಜಯಪುರದ ಕಾರ್ಡ್‌ಗಳು

ಅದೇ ಶಿಬಿರದ ಇನ್ನೊಂದು ತಂಡ ವಿಜಯಪುರದಲ್ಲಿ ಕೆಲಸ ಮಾಡಿ, ಅಲ್ಲಿನ ಕಾರ್ಡ್‌ಗಳನ್ನು ಅಲ್ಲೇ ಇಟ್ಟಿತ್ತು. ಅದೇ ಪೇಪರ್, ಅದೇ ವರ್ಷ. ಫ್ರಿಜ್ ಇಲ್ಲ, ಸಿಲಿಕಾ ಕೂಡ ಇಲ್ಲ. ಮೇಲಿನ ಮಹಡಿಯ ಕೋಣೆ, ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೆಕೆ. ಅವು ಇನ್ನೂ ಹಾಳಾಗಿರುತ್ತವೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಕೆಲವು ತರಿಸಿ ನೋಡಿದೆವು. 861 ಬ್ಯಾಂಡ್ ಚೊಕ್ಕಾಗಿ ಬಂತು. ಬೆಳಗಾವಿಯ ಅದೇ ಕಪಾಟಿನ ಮೇಲಿನ ಅರೆಯ ಕಾರ್ಡ್‌ಗಳಲ್ಲಿ ಮಂದವಾಗಿ ಬಂತು. ಕೆಳಗಿನ ಅರೆಯದರಲ್ಲಿ ಇಲ್ಲ.

ವಿಜಯಪುರದಲ್ಲಿ ಬೀಳುವ ಮಳೆ ಬೆಳಗಾವಿಯ ಸುಮಾರು ಅರ್ಧ. ಸೆಕೆ ಇದ್ದರೂ ಗಾಳಿ ಒಣ. ನೀರಿಲ್ಲದೆ ಎಳೆ ತುಂಡಾಗುವ ಕ್ರಿಯೆ ಬಹಳ ನಿಧಾನ. ತಂಪು ಊರಿನ ಒದ್ದೆ ಕಪಾಟಿಗಿಂತ ಸುಡು ಊರಿನ ಒಣ ಕೋಣೆ ಡಿಎನ್‌ಎಗೆ ಮೇಲು. ಆದರೆ ಇದನ್ನು ಡಿಎನ್‌ಎಗೆ ಮಾತ್ರ ಹೇಳುತ್ತಿದ್ದೇನೆ. ಜಿ6ಪಿಡಿಯಂಥ ಕಿಣ್ವದ ಪರೀಕ್ಷೆಗೆ ವಿಜಯಪುರದ ಕಾರ್ಡೂ ಪ್ರಯೋಜನವಿಲ್ಲ. ಕಿಣ್ವಗಳು ಸೆಕೆಗೂ ಕೆಡುತ್ತವೆ, ತೇವಕ್ಕೂ ಕೆಡುತ್ತವೆ.

1960ರ ದಶಕದಲ್ಲಿ ಅಮೆರಿಕದ ರಾಬರ್ಟ್ ಗಥ್ರಿ ನವಜಾತ ಶಿಶುಗಳ ತಪಾಸಣೆಗೆ ಈ ಫಿಲ್ಟರ್ ಪೇಪರ್ ಪದ್ಧತಿಯನ್ನು ಬಳಕೆಗೆ ತಂದಾಗ ಡಿಎನ್‌ಎ ಪರೀಕ್ಷೆಯ ಯೋಚನೆಯೇ ಇರಲಿಲ್ಲ. ಆದರೂ ಡೆನ್ಮಾರ್ಕ್ 1982ರಿಂದ ಮಕ್ಕಳ ಕಾರ್ಡ್‌ಗಳನ್ನು ಮೈನಸ್ 20 ಡಿಗ್ರಿಯಲ್ಲಿ ಇಟ್ಟುಕೊಂಡು ಬಂದಿದೆ, ಅವುಗಳಿಂದ ಈಗ ಇಡೀ ಜೀನೋಮನ್ನೇ ಓದುತ್ತಿದ್ದಾರೆ. ಇದನ್ನು ಕೇಳಿದವರು ಕೂಡಲೇ ನಮಗೂ ಡೀಪ್ ಫ್ರೀಜರ್ ಬೇಕು ಎನ್ನುತ್ತಾರೆ. ಈ ಕಾರ್ಡ್‌ಗಳ ಸಂಸ್ಥೆಯಲ್ಲೂ ಅದೇ ಚರ್ಚೆ ನಡೆದಿದೆ. ನನ್ನ ಅಭಿಪ್ರಾಯ ಬೇರೆ. ಕರೆಂಟು ಹೋಗಿ ಬರುವ ಕಡೆ ಫ್ರೀಜರ್‌ನಲ್ಲಿ ಹಿಮ ಕರಗಿ ನೀರಾಗುತ್ತದೆ. ತಣ್ಣಗಿನ ಚೀಲವನ್ನು ಹೊರಗೆ ತಂದ ಕೂಡಲೇ ತೆರೆದರೆ ಜುಲೈ ತಿಂಗಳ ಗಾಳಿಯ ತೇವ ಎಲ್ಲ ಕಾರ್ಡಿನ ಮೇಲೆಯೇ ಕೂರುತ್ತದೆ. ಗಾಳಿಯಾಡದ ಚೀಲ, ಕಾರ್ಡ್ ನಡುವೆ ನುಣುಪು ಹಾಳೆ, ತೇವ ತೋರಿಸುವ ಸೂಚಕ ಚೀಟಿ, ಮಳೆಗಾಲಕ್ಕೆ ಮುಂಚೆ ಮತ್ತು ನಡುವೆ ಸಿಲಿಕಾ ಬದಲಿಸಲು ಒಬ್ಬ ಜವಾಬ್ದಾರ ಮನುಷ್ಯ. ಇವು ಮೊದಲು ಆಗಲಿ. ಫ್ರೀಜರ್ ಆಮೇಲೆ ಬರಲಿ.

ಕಪಾಟನ್ನು ಗೋಡೆಯಿಂದ ಸರಿಸಿದ್ದಾರೆ, ಕಾರ್ಡ್‌ಗಳನ್ನು ಒಂದೊಂದೇ ಬಿಡಿಸಿ ಒಣ ಚೀಲಕ್ಕೆ ಹಾಕಿದ್ದಾರೆ. ಈಗಾಗಲೇ ತುಂಡಾದ ಎಳೆ ಇದರಿಂದ ಕೂಡಿಕೊಳ್ಳುವುದಿಲ್ಲ. ಹಾಗಾಗಿ ಕೆಳಗಿನ ಅರೆಯ ಕಾರ್ಡ್‌ಗಳ ಮೇಲೆ ‘ಗಿಡ್ಡ ತುಂಡಿನ ಪರೀಕ್ಷೆಗೆ ಮಾತ್ರ’ ಎಂದು ಕೆಂಪು ಶಾಯಿಯಲ್ಲಿ ಬರೆಸಿದ್ದೇವೆ. ಅವುಗಳಿಂದ 242 ಒಂದೇ ಬಂದರೆ ನಮ್ಮ ಲ್ಯಾಬಿನ ವರದಿಯಲ್ಲಿ ಹೋಮೋಜೈಗಸ್ ಎಂದು ಬರೆಯುವುದಿಲ್ಲ. ಡಿಲೀಷನ್ ಇದೆ, ಇನ್ನೊಂದು ಜೀನ್ ಬಗ್ಗೆ ಈ ಮಾದರಿಯಿಂದ ಹೇಳಲಾಗದು, ತಾಜಾ ರಕ್ತ ಕಳಿಸಿ ಎಂದು ಬರೆಯುತ್ತೇವೆ.